ಜಾಡಿಯ ತಳದ ಕಪ್ಪು ಗೀರು

ಬೂದಿಕೋಟೆ
ಮಾರ್ಚ್ 4, 2024

ಅರ್ಚನ,

ಅಮ್ಮ ಯಾಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ಹೇಳುವ ಮಾತಾಗಿದ್ದರೆ ಭಾನುವಾರವೇ ಹೇಳುತ್ತಿದ್ದೆ. ನಮ್ಮ ಮನೆಯ ಫೋನ್ ನಿನಗೆ ಗೊತ್ತಲ್ಲ, ನಿಮ್ಮಪ್ಪ ಸ್ಪೀಕರ್ ಹಾಕಿ ಜಗಲಿಯ ಮೇಲಿಟ್ಟರೆ ಬೀದಿಗೆಲ್ಲ ಕೇಳುತ್ತದೆ. ಅದೂ ಅಲ್ಲದೆ ಈ ಸಲ ಕಳಿಸಬೇಕಾದದ್ದು ಮಾತಲ್ಲ, ಕಲ್ಲು.

ಹೊಲದ ಮೂಲೆಯಲ್ಲಿ ಕೃಷಿ ಹೊಂಡ ತೋಡಿಸುತ್ತಿದ್ದೇವೆ ಎಂದಿದ್ದೆನಲ್ಲ. ಆಳಕ್ಕೆ ಹೋದಂತೆ ಜೆಸಿಬಿಗೆ ಕರಿಬಂಡೆ ಸಿಕ್ಕಿತು. ಒಡೆದರೆ ಬಂಡೆಯ ಒಳಗೆಲ್ಲ ಹಳದಿ ಮಿಂಚು. ಕೆಲವು ಕಡೆ ದಾಳದ ಹಾಗೆ ಚೌಕಚೌಕವಾಗಿ, ಯಾರೋ ಕೂತು ಕೆತ್ತಿ ಇಟ್ಟ ಹಾಗಿದೆ. ನಿಮ್ಮ ಚಿಕ್ಕಪ್ಪ ಕೋದಂಡ ಅಲ್ಲೇ ಇದ್ದ. ಒಂದು ಚೂರನ್ನು ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿದು ತಿರುಗಿಸಿದ. ಆಮೇಲೆ, "ಅಣ್ಣೋ, ಚಿನ್ನದ್ ಮೈನ್ಸ್ ಮುಚ್ಚೋಯ್ತು ಅಂತ ಎಲ್ಲಾ ಅಳ್ತಾವ್ರೆ, ಮೈನ್ಸು ಇಲ್ಲಿಗೇ ಬಂದೈತೆ ಕಣಣ್ಣೋ" ಎಂದ. ಆ ಸಾಯಂಕಾಲವೇ ಜೆಸಿಬಿಯನ್ನು ವಾಪಸು ಕಳಿಸಿದರು.

ಹೊಲ ಇನ್ನೂ ಅಣ್ಣತಮ್ಮಂದಿರಿಗೆ ಪಾಲಾಗಿಲ್ಲ ಎನ್ನುವುದು ನಿನಗೆ ಗೊತ್ತು. ನಿನ್ನೆಯಿಂದ ಕೋದಂಡ ಹೊಂಡದ ಪಕ್ಕದಲ್ಲೇ ಮಂಚ ಹಾಕಿಕೊಂಡಿದ್ದಾನೆ.

ಅಂಗನವಾಡಿಯಿಂದ ಬರುವಾಗ ಯಾರಿಗೂ ಕಾಣದ ಹಾಗೆ ಒಂದು ಚೂರು ತಂದೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಇದರೊಳಗೆ ಇಟ್ಟಿದ್ದೇನೆ. ನೀನು ಚಿನ್ನದ ಗಣಿಯಲ್ಲೇ ಕೆಲಸ ಮಾಡುವವಳು. ನೋಡಿ ಬರಿ. ಕಾಗದದಲ್ಲೇ ಬರಿ.

ಅಮ್ಮ

*

ಗಣಿ ಕಾಲೋನಿ, ರಾಯಚೂರು ಜಿಲ್ಲೆ
ಮಾರ್ಚ್ 11, 2024

ಅಮ್ಮಾ,

ಕವರು ಒಡೆದಾಗ ಸೀರೆ ತುಂಡಿನ ವಾಸನೆಗೇ ಮನೆಗೆ ಬಂದ ಹಾಗಾಯಿತು. ಅದು ನಿನ್ನ ಹಸಿರು ಸೀರೆ ಅಲ್ಲವೇ?

ಕಲ್ಲು ನೋಡಿದೆ. ಚೆನ್ನಾಗಿದೆ. ಇಂಥ ಕಲ್ಲು ನನ್ನ ಕ್ಯಾಪ್ ಲ್ಯಾಂಪಿನ ಬೆಳಕಿನಲ್ಲಿ ದಿನವೂ ಮಿಂಚುತ್ತದೆ. ಆದರೂ ಹಗಲಲ್ಲಿ, ಕಿಟಕಿಯ ಬಳಿ ಹಿಡಿದು ನೋಡುವುದೇ ಬೇರೆ. ಏನೆಂದು ಈಗಲೇ ಖಚಿತವಾಗಿ ಹೇಳಲಾರೆ. ಪ್ರಯೋಗಾಲಯಕ್ಕೆ ಕಳಿಸಿ ನೋಡಬೇಕು. ನಮ್ಮ ಸೀನಿಯರ್ ರಾಜ್‌ಕುಮಾರ್ ಸರ್ ಹತ್ತಿರ ಕೇಳಿದೆ, ಒಪ್ಪಿದರು. ಸ್ವಲ್ಪ ದಿನ ಬೇಕು.

ಅಲ್ಲಿಯವರೆಗೆ ಯಾರೂ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಆದರೂ ಹೇಳಬೇಕು. ಚಿಕ್ಕಪ್ಪ ಕೆಲಸಕ್ಕೆ ರಜೆ ಹಾಕಿದ್ದಾರಾ? ರಜೆ ಮುಗಿದ ಕೂಡಲೇ ಬಂಗಾರಪೇಟೆಗೆ ಹೋಗಿ ಟ್ರೈನ್ ಹತ್ತಲಿ. ಹೊಂಡ ಎಲ್ಲಿಗೂ ಓಡಿಹೋಗುವುದಿಲ್ಲ.

ನೀನು ನಿದ್ದೆಗೆಟ್ಟು ಲೆಕ್ಕ ಹಾಕುತ್ತಾ ಕೂತಿರಬೇಡ. ನನ್ನ ಊಟ, ಆರೋಗ್ಯ ಎಲ್ಲ ಸರಿಯಾಗಿದೆ.

ಅರ್ಚನ

*

ಬೂದಿಕೋಟೆ
ಮಾರ್ಚ್ 19, 2024

ಅರ್ಚನ,

ಕೋದಂಡ ರಜೆ ಹಾಕಿಲ್ಲ. ಬೆಂಗಳೂರಿನ ಫ್ಯಾಕ್ಟರಿ ಕೆಲಸ ಬಿಟ್ಟುಬಿಟ್ಟ. ಸೂಪರ್‌ವೈಸರ್‌ಗೆ ಫೋನ್ ಮಾಡಿ ಬರುವುದಿಲ್ಲ ಎಂದನಂತೆ. ಅದನ್ನು ನಮಗೆ ಹೇಳುವಾಗ ಅವನ ಮುಖದಲ್ಲಿ ಮದುಮಗನ ಕಳೆ ಇತ್ತು. ಅವನ ಹೆಂಡತಿ ನನ್ನ ಹತ್ತಿರ ಬಂದು ಅತ್ತಳು.

ನಿಮ್ಮಪ್ಪ, "ಮಳೆಗೆ ಮುಂಚೆ ಒಂಡ ಮುಗೀಬೇಕು, ಅಸುಗಳಿಗೆ ಮೇವು ಬೆಳೀಬೇಕು" ಎಂದು ಜೆಸಿಬಿ ಕರೆಸಿದರೆ ಕೋದಂಡ ಅದರ ಮುಂದೆ ನಿಂತ. "ನನ್ ಪಾಲೂ ಐತೆ ಇದ್ರಾಗೆ. ಒಂದು ಚೂರ್ ಕಲ್ಲೂ ಆಚೆ ಓಗಂಗಿಲ್ಲ" ಎಂದ. ನಿಮ್ಮಪ್ಪ ಮುನಿಸ್ವಾಮಪ್ಪನವರ ಕೋಪ ನಿನಗೆ ಗೊತ್ತಲ್ಲ, ಮೇಲೆ ಬರುವುದಿಲ್ಲ, ಒಳಗೇ ಇಳಿಯುತ್ತದೆ. ತಮ್ಮನ ಜೊತೆ ಮಾತು ಬಿಟ್ಟರು. ಈಗ ಎರಡು ಮನೆಯ ಹಾಲೂ ಡೈರಿಗೆ ಬೇರೆ ಬೇರೆ ಹೋಗುತ್ತದೆ. ಅಮ್ಮಾಜಮ್ಮ ಅತ್ತೆ ಎರಡು ಮನೆಯ ಮಧ್ಯದ ಬಾಗಿಲಲ್ಲಿ ಕೂತು ಇಬ್ಬರು ಮಕ್ಕಳನ್ನೂ ಬೈಯುತ್ತಾರೆ.

ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಕಾಗೆ ಬಂಗಾರ ಎನ್ನುವವರೂ ಇದ್ದಾರೆ. ಮಾಲೂರು ಕಡೆಯಿಂದ ಯಾರೋ ಕಾರಿನಲ್ಲಿ ಬಂದು ಹೊಲದ ಫೋಟೋ ತೆಗೆದುಕೊಂಡು ಹೋದರು.

ಚಿನ್ನವೋ ಅಲ್ಲವೋ, ಒಂದೇ ಮಾತು ಬರಿ ಸಾಕು.

ನಿಮ್ಮ ಆಫೀಸಿನಲ್ಲಿ ಕರೆಂಟ್ ಇರುವುದಿಲ್ಲವಾ?

ಅಮ್ಮ

*

ಗಣಿ ಕಾಲೋನಿ
ಮಾರ್ಚ್ 27, 2024

ಅಮ್ಮಾ,

ಚಿನ್ನ ಅಲ್ಲ.

ಕಲ್ಲನ್ನು ಕೈಗೆ ತೆಗೆದುಕೊಂಡ ಕ್ಷಣದಲ್ಲೇ ಗೊತ್ತಾಗಿತ್ತು. ನಿಮ್ಮೆಲ್ಲರ ಮನಸ್ಸು ನೋಯಿಸಬಾರದು ಎಂದು ಮೆತ್ತಗೆ ಬರೆದೆ. ಜೊತೆಗೆ ಒಂದು ಸಣ್ಣ ಕಾರಣವೂ ಇತ್ತು. ಇದರ ಹೆಸರು ಪೈರೈಟ್. ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು. ಚಿನ್ನವಿರುವ ಬಂಡೆಗಳಲ್ಲಿ ಇದೂ ಇರುತ್ತದೆ, ಕೆಲವೊಮ್ಮೆ ಇದರೊಳಗೆ ಕಣ್ಣಿಗೆ ಕಾಣದಷ್ಟು ಚಿನ್ನ ಅಡಗಿರುತ್ತದೆ. ಅದಕ್ಕೇ ಪ್ರಯೋಗಾಲಯದ ಮಾತು ಬರುವವರೆಗೆ ಕಾದೆ. ನಿನ್ನೆ ಬಂತು. ನೀನು ಕಳಿಸಿದ ಚೂರಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಚಿನ್ನವೂ ಇಲ್ಲ.

ನೋಡಿದ ಕೂಡಲೇ ಹೇಗೆ ಗೊತ್ತಾಯಿತು ಎಂದು ಚಿಕ್ಕಪ್ಪ ಕೇಳಿದರೆ ಹೀಗೆ ಹೇಳು. ಇದರ ಹಳದಿ ಹಿತ್ತಾಳೆಯ ಹಳದಿ, ತೆಳು. ಆ ಚೌಕಗಳ ಮೈಮೇಲೆ ಬಾಚಣಿಗೆ ಎಳೆದ ಹಾಗೆ ಸಣ್ಣ ಗೆರೆಗಳಿವೆ. ಚಿನ್ನ ಹೀಗೆ ದಾಳದಂತೆ ಕೂರುವುದು ಅಪರೂಪ, ಬಂಡೆಯ ಸಂದಿಯಲ್ಲಿ ತಂತಿಯಂತೆಯೋ ಹರಳುಹರಳಾಗಿಯೋ ಇರುತ್ತದೆ. ಇಷ್ಟೇ ಗಾತ್ರದ ಚಿನ್ನವನ್ನು ಅಂಗೈಯಲ್ಲಿಟ್ಟರೆ ಇದರ ಮೂರು ನಾಲ್ಕು ಪಟ್ಟು ಭಾರವಿರುತ್ತದೆ, ಕೈ ತಾನಾಗಿ ಕೆಳಗೆ ಹೋಗುತ್ತದೆ. ಕಾಗೆ ಬಂಗಾರವೂ ಅಲ್ಲ. ಅದು ಅಭ್ರಕ, ಉಗುರಿನಲ್ಲಿ ಪದರ ಬಿಡಿಸಬಹುದು. ಇದರ ಮೇಲೆ ಚಾಕುವೂ ನಾಟುವುದಿಲ್ಲ.

ಅಮ್ಮಾ, ನಿನಗೆ ಬೇಸರವಾಗುತ್ತದೆ ಎಂದು ಗೊತ್ತು. ಎಷ್ಟು ವರ್ಷದಿಂದ ಅಂಗನವಾಡಿಯ ಅದೇ ಗೌರವಧನದಲ್ಲಿ ಮನೆ ತೂಗಿಸಿಕೊಂಡು ಬಂದಿದ್ದೀಯ. ಒಂದು ದಿನವಾದರೂ ನೀನು ಕನಸು ಕಂಡಿರುತ್ತೀಯ. ಅದನ್ನು ಒಡೆಯುವ ಕೆಲಸ ನನ್ನ ಪಾಲಿಗೆ ಬಂತಲ್ಲ ಎಂದು ನನಗೆ ಸಂಕಟ.

ಕರೆಂಟ್ ಚೆನ್ನಾಗಿಯೇ ಇದೆ. ಯಾಕೆ ಕೇಳಿದೆ?

ಅರ್ಚನ

*

ಬೂದಿಕೋಟೆ
ಏಪ್ರಿಲ್ 5, 2024

ಅರ್ಚನ,

ನನಗೆ ಚಿನ್ನ ಬೇಕಾಗಿತ್ತು ಎಂದು ನಿನಗೆ ಯಾರು ಹೇಳಿದರು?

ನಾನು ಮೈಸೂರು ಮೈನ್ಸ್‌ನ ಕೂಲಿಕಾರರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು. ಚಿನ್ನ ತೆಗೆಯುವವರ ಮನೆಯಲ್ಲಿ ಏನಿರುತ್ತದೆ ಎಂದು ನೋಡಿದ್ದೇನೆ. ಕೆಮ್ಮು ಇರುತ್ತದೆ. ನಿಮ್ಮ ತಾತ ಕೊನೆಯ ವರ್ಷ ಮಲಗಿ ಉಸಿರಾಡಲಾಗದೆ ಗೋಡೆಗೆ ಒರಗಿಯೇ ಕೂತಿರುತ್ತಿದ್ದರು. ನನಗೆ ಹೊಲದಲ್ಲಿ ಚಿನ್ನ ಸಿಕ್ಕರೆ ಭಯವಾಗುತ್ತಿತ್ತೇ ಹೊರತು ಸಂತೋಷವಲ್ಲ.

ನನಗೆ ಬೇಕಾಗಿದ್ದದ್ದು ನಿನ್ನ ಮಾತು. ನೀನು ಜಿಯಾಲಜಿ ಸೇರಿದಾಗ ಇದೇ ಜಗಲಿಯ ಮೇಲೆ ಕೂತು, "ಕಲ್ಲು ಓದಕ್ಕೂ ಕಾಲೇಜಾ? ಕಲ್ಲು ಒಡೆಯೋರು ನಮ್ಮೂರಾಗೇ ಬೇಕಾದಷ್ಟು ಅವ್ರೆ" ಎಂದು ನಕ್ಕವರು ಇದ್ದಾರೆ. ಈಗ ಅವರ ಕಣ್ಣೆದುರು ಒಂದು ಕಲ್ಲು ಬಂದಿದೆ, ಅದೇನು ಎಂದು ಹೇಳಬಲ್ಲವಳು ಇಡೀ ಊರಿನಲ್ಲಿ ನನ್ನ ಮಗಳು ಒಬ್ಬಳೇ. ನಾನು ಕಾಯುತ್ತಿದ್ದದ್ದು ಅದಕ್ಕೆ. ನೀನು ಮೆತ್ತಗೆ ಬರೆದೆ.

ಆದದ್ದು ಆಯಿತು. ನಿನ್ನ ಕಾಗದವನ್ನು ಎಲ್ಲರ ಮುಂದೆ ಓದಿದೆ. ನಿಮ್ಮಪ್ಪ ತಲೆಯಾಡಿಸಿದರು. ಕೋದಂಡ ಒಪ್ಪಲಿಲ್ಲ. "ಅತ್ಗೆ, ಅವ್ಳು ಕಂಪ್ನಿ ಸಂಬಳ ತಗಳ್ಳೋಳು. ಚಿನ್ನ ಐತೆ ಅಂತ ಬರೆದ್ರೆ ನಮ್ಗಾ ಲಾಭ, ಕಂಪ್ನಿಗಾ? ಯೋಚ್ನೆ ಮಾಡಿ" ಎಂದ. ಕೂತವರಲ್ಲಿ ಕೆಲವರು ಹೂಂ ಎಂದರು. ನನ್ನ ಮಗಳನ್ನು ಸುಳ್ಳಿ ಎಂದ ಮೇಲೆ ನನಗೆ ಅನ್ನ ಸೇರಲಿಲ್ಲ.

ನೀನು ಬರಬೇಡ. ನೀನು ಬಂದು ಹೇಳಿದರೂ ಅವನು ಇದೇ ಮಾತು ಆಡುತ್ತಾನೆ. ನನ್ನ ಕೈಯಲ್ಲೇ, ನಮ್ಮ ಮನೆಯ ಸಾಮಾನಿನಲ್ಲೇ, ಕುರುಡನಿಗೂ ಗೊತ್ತಾಗುವ ಹಾಗೆ ಅದನ್ನು ಪರೀಕ್ಷೆ ಮಾಡಲು ಆಗುತ್ತದಾ? ಅದನ್ನು ಬರಿ.

ಅಮ್ಮ

*

ಗಣಿ ಕಾಲೋನಿ
ಏಪ್ರಿಲ್ 12, 2024

ಅಮ್ಮಾ,

ಆಗುತ್ತದೆ. ನಮ್ಮ ಕಾಲೇಜಿನಲ್ಲಿ ಮೊದಲ ವರ್ಷ ಮಾಡಿಸಿದ್ದೂ ಇದನ್ನೇ.

ಉಪ್ಪಿನಕಾಯಿ ಜಾಡಿ ಬೋರಲು ಹಾಕು. ತಳದ ಸುತ್ತ ಹೊಳಪಿಲ್ಲದ, ಒರಟಾದ ಬಿಳಿ ಅಂಚು ಇರುತ್ತದೆ. ಅದೇ ನಿನ್ನ ಒರೆಗಲ್ಲು. ಕಲ್ಲಿನ ಮಿಂಚುವ ಭಾಗವನ್ನು ಅದರ ಮೇಲೆ ಒತ್ತಿ ಎಳೆ. ಪಕ್ಕದಲ್ಲೇ ನಿಜವಾದ ಚಿನ್ನವನ್ನೂ ಎಳೆ. ಚಿನ್ನ ಹಳದಿ ಗೀರು ಬಿಡುತ್ತದೆ. ಪೈರೈಟ್ ಹೊರಗೆ ಎಷ್ಟೇ ಹಳದಿ ಇದ್ದರೂ ಅದರ ಗೀರು ಕಪ್ಪು, ಚೆನ್ನಾಗಿ ನೋಡಿದರೆ ಸ್ವಲ್ಪ ಹಸಿರು ಬೆರೆತ ಕಪ್ಪು. ಒಡೆದ ಗಾಜಿನ ಮೇಲೆ ಉಜ್ಜಿದರೆ ಇದು ಗಾಜನ್ನೇ ಗೀರುತ್ತದೆ. ಚಿನ್ನ ಮೆತು, ಅದರಿಂದಾಗುವ ಕೆಲಸವಲ್ಲ.

ಕೊನೆಗೆ ಸುತ್ತಿಗೆ. ಚಿನ್ನ ಏಟು ತಿಂದರೆ ಚಪ್ಪಟೆಯಾಗುತ್ತದೆ, ಪೈರೈಟ್ ಪುಡಿಯಾಗುತ್ತದೆ. ಕಿಡಿ ಹಾರಬಹುದು, ಗಂಧಕದ ವಾಸನೆಯೂ ಬರುತ್ತದೆ. ಕಣ್ಣು ಜೋಪಾನ, ಎಲ್ಲರನ್ನೂ ದೂರ ನಿಲ್ಲಿಸು. ಗಣಿಯ ಚಿನ್ನ ಬೇರೆ, ಅಂಗಡಿಯ ಚಿನ್ನ ಬೇರೆ ಎಂದು ಯಾರಾದರೂ ವಾದ ಮಾಡಿದರೆ, ನೆಲದೊಳಗಿದ್ದಾಗಲೂ ಚಿನ್ನ ಮೆತುವೇ ಎಂದು ಹೇಳು. ನಾನು ನೋಡಿದ್ದೇನೆ.

ಮೆತ್ತಗೆ ಬರೆದದ್ದಕ್ಕೆ ಬೈದೆಯಲ್ಲ, ಸರಿಯಾಯಿತು. ಇನ್ನು ಹಾಗೆ ಬರೆಯುವುದಿಲ್ಲ.

ಅರ್ಚನ

*

ಬೂದಿಕೋಟೆ
ಏಪ್ರಿಲ್ 22, 2024

ಅರ್ಚನ,

ನಿನ್ನೆ ಭಾನುವಾರ. ಪರೀಕ್ಷೆ ಮಾಡಿದೆ. ಫೋನಿನಲ್ಲಿ "ಎಲ್ಲಾ ಆಯ್ತು" ಎಂದಷ್ಟೇ ಹೇಳಿದ್ದು ಬೇಕೆಂದೇ. ಇದನ್ನು ಪೂರ್ತಿ ಬರೆಯಬೇಕು ಎಂದು ಇಟ್ಟುಕೊಂಡೆ.

ಬೆಳಿಗ್ಗೆ ಹಾಲು ಹಾಕಿ ಬರುವವರನ್ನೆಲ್ಲ ಜಗಲಿಗೆ ಕರೆದೆ. ಕೋದಂಡನಿಗೆ, "ನಿನ್ನ ಕೈಯಾರೆ ಒಂದು ಕಲ್ಲು ಆರಿಸಿ ತಾ, ಎಲ್ಲಕ್ಕಿಂತ ಚೆನ್ನಾಗಿರೋದು" ಎಂದು ಹೇಳಿ ಕಳಿಸಿದೆ. ತಂದ. ನಿಂಬೆಹಣ್ಣಿನ ಗಾತ್ರ, ಸುತ್ತಲೂ ಚೌಕಗಳು. ನಿಜ ಹೇಳಲಾ, ನೋಡಲು ಚಿನ್ನಕ್ಕಿಂತ ಚೆನ್ನಾಗಿತ್ತು.

ಜಾಡಿ ಬೋರಲು ಹಾಕಿದೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಹಾಗೆಯೇ ಶುರು ಮಾಡಿದೆ. ಬೇರೆ ರೀತಿ ನನಗೆ ಬರುವುದಿಲ್ಲ. ಮೊದಲು ನನ್ನ ಕಿವಿಯ ಓಲೆ ಬಿಚ್ಚಿ ಅಂಚಿನ ಮೇಲೆ ಎಳೆದೆ. ಹಳದಿ ಗೀರು. ಆಮೇಲೆ ಕಲ್ಲನ್ನು ಕೋದಂಡನ ಕೈಗೇ ಕೊಟ್ಟು ಎಳೆ ಎಂದೆ. ಎಳೆದ. ಸ್ಲೇಟಿನ ಮೇಲೆ ಇದ್ದಿಲು ಎಳೆದ ಹಾಗೆ ಕಪ್ಪು. ಒರೆಸಿ ಮತ್ತೆ ಎಳೆದ. ಮತ್ತೂ ಕಪ್ಪು. ಜನ ಒಬ್ಬರ ಮೇಲೆ ಒಬ್ಬರು ಬಗ್ಗಿ ನೋಡಿದರು.

"ಅಂಗಡಿ ಚಿನ್ನ ಕಾಯ್ಸಿ ಸುದ್ದ ಮಾಡಿರ್ತಾರೆ ಅತ್ಗೆ. ಇದು ಅಸಿದು. ಅದ್ಕೇ ಕಪ್ಪು" ಎಂದ. ನೀನು ಬರೆದ ಮಾತನ್ನೇ ಹೇಳಿದೆ, ನೆಲದೊಳಗೂ ಚಿನ್ನ ಮೆತು ಎಂದು. "ಎಂಗೆ ನಂಬೋದು?" ಎಂದ.

ಆಗ ನಾನು ಮಾಡಿದ್ದು ನಿಮ್ಮಪ್ಪನಿಗೂ ಮೊದಲೇ ಹೇಳಿರಲಿಲ್ಲ. ನಮ್ಮಪ್ಪ ನನ್ನ ಮದುವೆಗೆ ಮಾಡಿಸಿದ ಚಿನ್ನದ ಗುಂಡಿನ ಸರದಿಂದ ಒಂದು ಗಟ್ಟಿ ಗುಂಡು ಬಿಡಿಸಿಕೊಂಡು ಬಂದಿದ್ದೆ. ಚಪ್ಪಡಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದೆ. ಹೆಂಗಸರು ಅಯ್ಯೋ ಎಂದರು. ನಿಮ್ಮಪ್ಪ ಎದ್ದು ನಿಂತರು. ಗುಂಡು ಕುಂಕುಮದ ಬೊಟ್ಟಿನ ಹಾಗೆ ಅಗಲವಾಗಿ ಕೂತಿತು. ಪುಡಿಯಾಗಲಿಲ್ಲ, ಚೂರಾಗಲಿಲ್ಲ.

"ಈಗ ನೀನು ಒಡಿ ಕೋದಂಡ" ಎಂದು ಸುತ್ತಿಗೆ ಕೊಟ್ಟೆ. ಎಲ್ಲರನ್ನೂ ಹಿಂದೆ ಸರಿಸಿದೆ. ಹೊಡೆದ. ಕಿಡಿ ಹಾರಿತು, ಕಲ್ಲು ಕಪ್ಪು ಪುಡಿಯಾಗಿ ಚೆಲ್ಲಿತು, ಜೊತೆಗೆ ವಾಸನೆ. ಮಧ್ಯದ ಬಾಗಿಲಲ್ಲಿ ಕೂತಿದ್ದ ಅಮ್ಮಾಜಮ್ಮ ಅತ್ತೆ ಮೂಗೆಳೆದು, "ಪಟಾಕಿ ವಾಸ್ನೆ ಕಣ್ಲಾ ಕೋದಂಡ! ಚಿನ್ನ ಯಾವತ್ತಾದ್ರೂ ನಾತ ಒಡ್ದಿತ್ತೇನ್ಲಾ?" ಎಂದರು. ಜಗಲಿಯೆಲ್ಲ ನಕ್ಕಿತು. ಕೋದಂಡ ನಗಲಿಲ್ಲ. ಪುಡಿಯನ್ನು ಬೆರಳಿನಲ್ಲಿ ತೆಗೆದು ನೋಡುತ್ತಾ ಕೂತುಬಿಟ್ಟ. ಮಗಳೇ, ಗೆದ್ದೆ ಎಂದು ಉಬ್ಬಿದ್ದ ನನಗೆ ಅವನನ್ನು ನೋಡಿ ಪಾಪ ಎನಿಸಿತು. ನಾನು ಈ ಮನೆಗೆ ಬಂದಾಗ ಅವನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ.

ನಿಮ್ಮಪ್ಪ ಹೋಗಿ ಪಕ್ಕದಲ್ಲಿ ಕೂತರು. ಅಷ್ಟು ದಿನದ ಮೇಲೆ ಅವರು ಆಡಿದ ಮೊದಲ ಮಾತು, "ಏಳ್ಲಾ, ಜೆಸಿಬಿಯೋನ್ಗೆ ಫೋನ್ ಮಾಡಾನ" ಎಂದು. ಆಮೇಲೆ ಕೋದಂಡ ನನ್ನ ಹತ್ತಿರ ಬಂದು, "ಆ ಗುಂಡು ನಾನೇ ಮಾಡಿಸ್ಕೊಡ್ತೀನಿ ಅತ್ಗೆ" ಎಂದ. ಬೇಡ ಎಂದೆ. ಅದನ್ನು ಚಪ್ಪಟೆಯಾಗಿಯೇ ಸರಕ್ಕೆ ಪೋಣಿಸಿಕೊಳ್ಳುತ್ತೇನೆ. "ಮಗಾ ಬರೆದಿದ್ದು ಒಂದು ಅಕ್ಷರಾನೂ ಸುಳ್ಳಾಗ್ಲಿಲ್ಲ. ಅವ್ಳ್ನ ಅಂಗಂದಿದ್ದು ತಪ್ಪು ಅಂತ ಬರೀರಿ" ಎಂದ. ಅದನ್ನೇ ಬರೆಯುತ್ತಿದ್ದೇನೆ.

ಇನ್ನು ನಾನು ಕೇಳುವ ಮಾತು. ಕ್ಯಾಪ್ ಲ್ಯಾಂಪ್ ಎಂದು ಬರೆದಿದ್ದೆ ನೀನು, ಅದಕ್ಕೇ ಅವತ್ತು ಕರೆಂಟ್ ಕೇಳಿದ್ದು. ನಮ್ಮಪ್ಪ ಶಿಫ್ಟ್ ಮುಗಿಸಿ ಬಂದಾಗ ಹೆಲ್ಮೆಟ್ಟಿನ ಅಚ್ಚು ಹಣೆಯ ಮೇಲೆ ಕೆಂಪಗಿರುತ್ತಿತ್ತು. ಆಫೀಸಿನಲ್ಲಿ ಕೂತು ಕಲ್ಲು ನೋಡುವವರು ತಲೆಗೆ ದೀಪ ಕಟ್ಟಿಕೊಳ್ಳುವುದಿಲ್ಲ. ನೀನು ಒಳಗೆ ಇಳಿಯುತ್ತಿದ್ದೀಯಾ?

ಅಮ್ಮ

*

ಗಣಿ ಕಾಲೋನಿ
ಏಪ್ರಿಲ್ 30, 2024

ಅಮ್ಮಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ರಾಜ್‌ಕುಮಾರ್ ಸರ್‌ಗೂ ನೀನು ಗುಂಡು ಚಪ್ಪಟೆ ಮಾಡಿದ ಭಾಗ ಓದಿ ಹೇಳಿದೆ. "ನಿಮ್ಮ ತಾಯಿ ನಮ್ಮ ಜೊತೆ ಇರಬೇಕಾಗಿತ್ತು" ಎಂದರು. ನನ್ನ ಪ್ರಾಧ್ಯಾಪಕರೂ ಇಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ. ಚಿಕ್ಕಪ್ಪನ ಮೇಲೆ ನನಗೆ ಕೋಪವಿಲ್ಲ ಎಂದು ಹೇಳು. ಇನ್ನೊಂದು ಮಾತು, ಆ ಮಿಂಚುವ ಕಲ್ಲುಗಳನ್ನು ಹೊಂಡದ ಅಂಚಿಗೆ ಜೋಡಿಸಬೇಡಿ. ಗಾಳಿ ನೀರು ತಾಗಿದರೆ ತುಕ್ಕು ಬಿಟ್ಟು ನೀರು ಹುಳಿಯಾಗುತ್ತದೆ. ದೂರ ಸಾಗಿಸಿ. ನೀರು ತುಂಬಿದ ಮೇಲೆ ಪರೀಕ್ಷೆ ಮಾಡಿಸಿಯೇ ಹಸುಗಳಿಗೆ ಕುಡಿಸಿ.

ಈಗ ನಿನ್ನ ಪ್ರಶ್ನೆ. ಹೌದು. ನವೆಂಬರ್‌ನಿಂದ ಇಳಿಯುತ್ತಿದ್ದೇನೆ.

ಹೆಂಗಸರು ಒಳಗೆ ಇಳಿಯಲು ಈಗ ಕಾನೂನಿನ ಒಪ್ಪಿಗೆ ಇದೆ, ಹಗಲು ಪಾಳಿಯಲ್ಲಿ. ನಮ್ಮ ವಿಭಾಗದಲ್ಲಿ ಮೊದಲು ಇಳಿದವಳು ನಾನು. ಹೊಸದಾಗಿ ತೆರೆದ ಗೋಡೆಯಲ್ಲಿ ಚಿನ್ನದ ಪದರ ಯಾವ ಕಡೆ ತಿರುಗಿದೆ ಎಂದು ನೋಡಿ, ಗುರುತು ಹಾಕಿ, ನಕ್ಷೆ ಬರೆಯುವುದು ನನ್ನ ಕೆಲಸ. ಬಂಡೆಗೆ ನೀರು ಹೊಡೆದು ಧೂಳು ಅಡಗಿಸಿದ ಮೇಲೆಯೇ ನಾವು ಹೋಗುವುದು. ಮುಖಕ್ಕೆ ಮಾಸ್ಕ್ ಇರುತ್ತದೆ, ಎದೆಯ ಎಕ್ಸ್‌ರೇಯೂ ತೆಗೆಸುತ್ತಾರೆ. ತಾತನ ಕಾಲದಂತಲ್ಲ. ಆದರೆ ಭಯವೇ ಇಲ್ಲ ಎಂದು ಬರೆದರೆ ಅದು ಮೆತ್ತಗೆ ಬರೆದ ಹಾಗೆಯೇ. ಮೊದಲ ದಿನ ಲಿಫ್ಟಿನ ಪಂಜರ ಕೆಳಗೆ ಇಳಿಯುವಾಗ ಕಂಬಿ ಹಿಡಿದ ನನ್ನ ಕೈ ಬಿಡಲೇ ಇಲ್ಲ.

ಗೋಡೆಯ ಮೇಲೆ ನಾನು ಬಳಿದ ಗುರುತು ನೋಡಿಕೊಂಡೇ ಮರುದಿನ ಅಲ್ಲಿ ರಂಧ್ರ ಕೊರೆಯುತ್ತಾರೆ. ಆ ಸಂತೋಷವನ್ನು ನಿನಗೆ ಹೇಳಲಾಗದೆ ಇಷ್ಟು ತಿಂಗಳು ಒದ್ದಾಡಿದೆ. ಹೇಳದಿದ್ದದ್ದು ತಾತನ ಕೆಮ್ಮು ನಿನಗೆ ನೆನಪಾಗಬಾರದು ಎಂದು. ಜೂನ್‌ನಿಂದ ನಾನು ಇಳಿಯುವ ಅಂತಸ್ತಿನ ಪೂರ್ತಿ ಜವಾಬ್ದಾರಿ ನನಗೇ ಕೊಡುತ್ತೇವೆ ಎಂದಿದ್ದಾರೆ. ಇನ್ನೂ ಹೂಂ ಎಂದಿಲ್ಲ. ನೀನು ಬೇಡ ಎಂದರೆ ಮೇಲೆ ಆಫೀಸಿನಲ್ಲಿಯೇ ಉಳಿಯುತ್ತೇನೆ.

ಅರ್ಚನ

*

ಬೂದಿಕೋಟೆ
ಮೇ 12, 2024

ಅರ್ಚನ,

ಉತ್ತರ ತಡವಾಯಿತು. ಬೇಡ ಎಂದೇ ಎರಡು ಸಲ ಬರೆದು ಹರಿದು ಹಾಕಿದೆ.

ಹೊಂಡ ಮುಗಿಯಿತು. ಕಲ್ಲುಗಳನ್ನು ಕೋದಂಡನೇ ಟ್ರ್ಯಾಕ್ಟರಿನಲ್ಲಿ ದೂರಕ್ಕೆ ಸಾಗಿಸಿದ. ಒಂದು ಚೌಕವನ್ನು ಮಾತ್ರ ಉಳಿಸಿ, ಮಕ್ಕಳಿಗೆ ತೋರಿಸಿ ಎಂದು ಅಂಗನವಾಡಿಗೆ ತಂದುಕೊಟ್ಟ. ಫ್ಯಾಕ್ಟರಿಯವರು ಮತ್ತೆ ಸೇರಿಸಿಕೊಂಡಿದ್ದಾರೆ, ಬೇರೆ ಪಾಳಿಗೆ. ಸೋಮವಾರದಿಂದ ಟ್ರೈನಿಗೆ ಹೋಗುತ್ತಿದ್ದಾನೆ.

ನಿನಗೆ ಏನು ಬರೆಯಬೇಕು ಎಂದು ತಿಳಿಯದೆ ಶುಕ್ರವಾರ ಬಸ್ಸು ಹತ್ತಿ ಮೈಸೂರು ಮೈನ್ಸ್‌ಗೆ ಹೋದೆ. ನಮ್ಮ ಲೈನ್ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಬಾಗಿಲಿಗೆ ನೀಲಿ ಬಣ್ಣ ಹೊಡೆದಿದ್ದಾರೆ. ಗಣಿಗೆ ಇಳಿಯುವ ಶಾಫ್ಟಿನ ಕಬ್ಬಿಣದ ಗೋಪುರ ಕಾಣುವ ಕಡೆ ನಿಂತೆ. ನಮ್ಮಪ್ಪನನ್ನು ಆ ಜಾಗ ಕೆಳಗೆ ಇಳಿಸಿತ್ತು, ಅಲ್ಲಿ ಅವನನ್ನು ಯಾರೂ ಏನನ್ನೂ ಕೇಳಲಿಲ್ಲ, ಕೊರೆ ಎಂದರು, ಕೊರೆದ. ನೀನು ಗುರುತು ಹಾಕುತ್ತೀಯ, ಅದನ್ನು ನೋಡಿ ಅವರು ಕೊರೆಯುತ್ತಾರೆ. ಅದೇ ಕತ್ತಲೆಯಾದರೂ ನೀನು ಇಳಿಯುವ ರೀತಿ ಬೇರೆ ಎಂದು ಅಲ್ಲಿ ನಿಂತಾಗ ನನಗೆ ತಿಳಿಯಿತು. ಭಯ ಹೋಗಿಲ್ಲ. ಅದು ನನ್ನ ಪಾಲಿನದು, ನನ್ನ ಹತ್ತಿರವೇ ಇರಲಿ. ಜೂನ್‌ಗೆ ಹೂಂ ಎನ್ನು.

ವಾಪಸು ಬರುವಾಗ ರಾಬರ್ಟ್‌ಸನ್‌ಪೇಟೆಯಲ್ಲಿ ಸೆಲ್ವಿಯ ಅಂಗಡಿಗೆ ಹೋದೆ. ಪಕ್ಕದ ಲೈನ್ ಮನೆಯವಳು, ಅವಳಪ್ಪನೂ ನಮ್ಮಪ್ಪನೂ ಒಂದೇ ಪಂಜರದಲ್ಲಿ ಇಳಿದವರು. "ಮಗಳು ಎಲ್ಲವ್ಳೆ ಶಶಿ? ಆಫೀಸಾ?" ಎಂದು ಕೇಳಿದಳು. ಇಷ್ಟು ದಿನ ಹೂಂ ಎನ್ನುತ್ತಿದ್ದೆ. "ಅಂಡರ್‌ಗ್ರೌಂಡ್" ಎಂದೆ. ತೂಗುತ್ತಿದ್ದ ಬೇಳೆಯನ್ನು ಹಾಗೇ ಬಿಟ್ಟು ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿತು. ಆಮೇಲೆ ಒಳಗಿದ್ದ ಸೊಸೆಯನ್ನು ಕರೆಯುತ್ತಾ, ತಮಿಳು ಬೆರೆಸಿ ಕೂಗಿದಳು: "ಇಂಗೆ ವಾಮ್ಮಾ! ನಮ್ಮ ಶಶಿ ಪೊಣ್ಣು ಮೈನ್ಸ್ ಒಳಗಡೆ ಇಂಜಿನಿಯರ್ ಆಗವ್ಳೆ!"

"ಇಂಜಿನಿಯರ್ ಅಲ್ಲ ಸೆಲ್ವಿ, ಜಿಯಾಲಜಿಸ್ಟ್" ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಿಂದೆ ನಿಂತವರಿಗೆ ಕೇಳಿಸಿರಲಿಕ್ಕಿಲ್ಲ ಎಂದು ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದೆ.

ಅಮ್ಮ